ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸುವ ಕಪ್ಪು-ಬಿಳುಪು ವಿಡಿಯೊ: ನೋಡೋದು ಹೇಗೆ?

ಡೊಂಬಿವಲಿ ಟೀಚರ್

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪ್‌ಗೆ ಒಂದು ವಿಡಿಯೊ ಬಂತು. ನಲವತ್ತು ಸೆಕೆಂಡು ಇದೆ. ಕಪ್ಪು-ಬಿಳುಪು, ನಟ್ಟನಡುವೆ ಪ್ಲಸ್ ಗುರುತು. ಮೇಲಿನಿಂದ ಕಾಣುವ ಒಂದು ರಸ್ತೆ, ನಿಂತ ಕಾರು, ಅದರ ಪಕ್ಕ ಐದಾರು ಬೆಳ್ಳಗಿನ ಆಕೃತಿಗಳು. ಆಮೇಲೆ ಢಗ್ ಢಗ್ ಸದ್ದು, ಧೂಳು. ಆಕೃತಿಗಳು ಬಿದ್ದವು. ಕೆಳಗೆ ಹಿಂದಿಯಲ್ಲಿ, "ಗಡಿಯಲ್ಲಿ ನಮ್ಮ ಹೆಲಿಕಾಪ್ಟರ್ ಉಗ್ರರನ್ನು ಮುಗಿಸಿತು" ಅಂತ ಬರೆದಿತ್ತು.

ಐದು ನಿಮಿಷದಲ್ಲಿ ಗ್ರೂಪ್ ತುಂಬ ಬಾವುಟದ ಚಿತ್ರ. ಮೂರನೇ ಮಹಡಿಯ ಕಾಕಾ ಒಬ್ಬರೇ "ಇದು ಎಲ್ಲಿಯದು, ಯಾವಾಗಿನದು?" ಅಂತ ಕೇಳಿದರು. ಅದಕ್ಕೆ ಬಾವುಟ ಹಾಕಿದ್ದ ಇನ್ನೊಬ್ಬ ಕಾಕಾ ಅವರನ್ನು ದೇಶದ್ರೋಹಿ ಅಂದರು. ಬೆಳಿಗ್ಗೆ ಲಿಫ್ಟಿನಲ್ಲಿ ಈ ಇಬ್ಬರು ಹಿರಿಯರು ಮಾತಿಲ್ಲದೆ ಮುಖ ತಿರುಗಿಸಿಕೊಂಡು ನಿಂತಿದ್ದರು. ಇಪ್ಪತ್ತು ವರ್ಷದ ಗೆಳೆತನ ಅವರದು.

ನನ್ನ ಮಗ ಎಂಟನೇ ಕ್ಲಾಸು. ಅವನೂ ನೋಡಿದ್ದಾನೆ. "ಅಮ್ಮ, ಮುಖವೇ ಕಾಣಲ್ಲ, ಅವರು ಯಾರು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಇಂಥದ್ದನ್ನು ನೋಡುವಾಗ ಯಾವುದರ ಮೇಲೆ ಗಮನ ಇಡಬೇಕು? ತಿಳಿದವರು ಹೇಳಿ.

ಮೀರಾ ರೋಡ್ ಶೆಟ್ರು

ಅಕ್ಕ, ಎರಡು ಬಾಣದ ಗುರುತು ಇತ್ತಾ? ಅಂದ್ರೆ ಹಲವು ಬಾರಿ ಫಾರ್ವರ್ಡ್ ಆದದ್ದು. ನಾನು ಅಂಥದ್ದನ್ನು ತೆರೆಯುವುದೇ ಇಲ್ಲ ಮಾರಾಯ್ರೆ.

ವಾಸ್ಕೋ ಹುಡುಗ

ಗೇಮ್ ಇರಬಹುದು. ಆರ್ಮಾ 3 ಅಂತ ಒಂದು ಆಟ ಇದೆ, ಅದರ ತುಣುಕುಗಳನ್ನು ನಿಜವಾದ ಯುದ್ಧ ಅಂತ ಎಷ್ಟೋ ಸಲ ಹರಿಬಿಟ್ಟಿದ್ದಾರೆ. ಉಕ್ರೇನ್ ಯುದ್ಧದ ಹೊತ್ತಿಗೆ ಅದು ಎಷ್ಟು ಜಾಸ್ತಿ ಆಯ್ತು ಅಂದ್ರೆ, ಅದನ್ನು ಮಾಡಿದ ಚೆಕ್ ಕಂಪನಿ ಬೊಹೀಮಿಯಾ ಇಂಟರಾಕ್ಟಿವ್‌ನವರೇ 2022ರ ನವೆಂಬರ್‌ನಲ್ಲಿ ಹೇಳಿಕೆ ಕೊಟ್ಟರು. ಹೇಗೆ ಗುರುತಿಸಬೇಕು ಅಂತಲೂ ತಿಳಿಸಿದರು. ಚಿತ್ರ ಬೇಕಂತಲೇ ಮಸುಕು, ಕ್ಯಾಮೆರಾ ಅಲುಗಾಟ, ಕತ್ತಲು, ಜನ ಓಡಾಡೋದು ಕಾಣದೇ ಇರೋದು, ಹೀಗೆ.

ಡೊಂಬಿವಲಿ ಟೀಚರ್

ಇದರಲ್ಲಿ ಜನ ಓಡಾಡುತ್ತಾರೆ. ಅಲುಗಾಟವೂ ಇಲ್ಲ. ಮಸುಕು ಮಾತ್ರ ಹೌದು.

ವಾಸ್ಕೋ ಹುಡುಗ

ಹಾಗಾದ್ರೆ ಹೇಳೋದು ಕಷ್ಟ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿದರೆ ಯಾವ ವಿಡಿಯೊ ಆದರೂ ಮಸುಕೇ.

ಚಾಕಣ್ ಮೇಂಟೆನೆನ್ಸ್

ನಾನು ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ಥರ್ಮಲ್ ಕ್ಯಾಮೆರಾ ಕೈಯಲ್ಲಿದೆ. ಪ್ಯಾನೆಲ್ ಬಾಗಿಲು ತೆಗೆದು ಯಾವ ಜಾಯಿಂಟ್ ಬಿಸಿ ಆಗಿದೆ ಅಂತ ಹುಡುಕೋದು ಕೆಲಸ. ಯುದ್ಧದ ವಿಷಯ ಬೇರೆಯವರು ಹೇಳಲಿ. ಟೀಚರ್ ಬೆಳ್ಳಗಿನ ಆಕೃತಿ ಅಂದ್ರಲ್ಲ, ಅದು ಥರ್ಮಲ್ ಕ್ಯಾಮೆರಾದ ಚಿತ್ರದ ಹಾಗಿದೆ. ಆ ಕ್ಯಾಮೆರಾ ಹೇಗೆ ನೋಡುತ್ತೆ ಅನ್ನೋದನ್ನು ನಾನು ಹೇಳುತ್ತೇನೆ.

ಅದು ಬೆಳಕನ್ನು ನೋಡಲ್ಲ, ಬಿಸಿಯನ್ನು ನೋಡುತ್ತೆ. ಬೆಳ್ಳಗೆ ಕಂಡರೆ ಬಿಳಿ ಬಟ್ಟೆ ಅಂತಲ್ಲ, ಸುತ್ತಲಿನದಕ್ಕಿಂತ ಬಿಸಿ ಅಂತ ಅರ್ಥ. ಒಂದು ಬಟನ್ ಒತ್ತಿದರೆ ಅದೇ ಮನುಷ್ಯ ಕಪ್ಪಗೆ ಕಾಣುತ್ತಾನೆ. ಬಟ್ಟೆಯ ಬಣ್ಣ, ಯೂನಿಫಾರ್ಮು, ಮುಖದ ಚಹರೆ, ಯಾವುದೂ ಅದರಲ್ಲಿ ಇರಲ್ಲ.

ಬಿಸಿಯನ್ನಾದರೂ ಸರಿಯಾಗಿ ತೋರಿಸುತ್ತಾ ಅಂದ್ರೆ ಅದೂ ಇಲ್ಲ. ಹೊಸ ಹುಡುಗರು ಕೆಲಸಕ್ಕೆ ಬಂದಾಗ ನಾನು ಮೊದಲು ತೋರಿಸೋದು ತಾಮ್ರದ ಬಸ್‌ಬಾರ್, ಅಂದ್ರೆ ಪ್ಯಾನೆಲ್ ಒಳಗೆ ಕರೆಂಟ್ ಹರಿಯುವ ದಪ್ಪ ಪಟ್ಟಿ. ಫಳಫಳ ಹೊಳೆಯುತ್ತಿರುತ್ತೆ. ಲೋಡ್ ಇದ್ದಾಗ ಚೆನ್ನಾಗಿ ಕಾದಿರುತ್ತೆ. ಕ್ಯಾಮೆರಾದಲ್ಲಿ ನೋಡಿದರೆ ತಣ್ಣಗೆ, ಕಪ್ಪಗೆ. ಶಟ್‌ಡೌನ್ ತಗೊಂಡು ಅದರ ಮೇಲೆ ಎರಡು ಇಂಚು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸುತ್ತೇನೆ. ಮತ್ತೆ ಲೋಡ್ ಕೊಟ್ಟು ನೋಡಿದರೆ ಟೇಪ್ ಇರುವ ಚೌಕ ಮಾತ್ರ ಬೆಳ್ಳಗೆ ಹೊಳೆಯುತ್ತೆ. ಅದೇ ತಾಮ್ರ, ಅದೇ ಬಿಸಿ. ಹೊಳಪಿನ ಲೋಹ ಬಿಸಿಯನ್ನು ಸರಿಯಾಗಿ ಹೊರಗೆ ಬಿಡಲ್ಲ, ಅಕ್ಕಪಕ್ಕದ್ದನ್ನು ಕನ್ನಡಿ ತರಹ ತೋರಿಸುತ್ತೆ.

ಇನ್ನೊಂದು. ಗೋಡೆಗೆ ಅಂಗೈ ಒತ್ತಿ ಹಿಡಿದು ತೆಗೆಯಿರಿ. ಐದು ಬೆರಳೂ ಗೋಡೆ ಮೇಲೆ ಸ್ವಲ್ಪ ಹೊತ್ತು ಬೆಳಗುತ್ತಲೇ ಇರುತ್ತವೆ. ಕೈ ತೆಗೆದಾಯ್ತು, ಪರದೆ ಮೇಲೆ ಇನ್ನೂ ಇದೆ.

ಈಗ ಟೀಚರ್‌ಗೆ ಒಂದು ಪ್ರಶ್ನೆ. ಆ ಕಾರಿನ ಗಾಜಿನ ಹಿಂದೆ ಡ್ರೈವರ್ ಕಾಣುತ್ತಿದ್ದನಾ? ನಿಧಾನಕ್ಕೆ ಓಡಿಸಿ ನೋಡಿ ಹೇಳಿ.

ಮುಲುಂಡ್ ಗೃಹಿಣಿ

ವಿಷಯ ಬೇರೆ, ಕ್ಷಮಿಸಿ. ಚಾಕಣ್‌ನವರೇ, ಮಳೆಗಾಲದಲ್ಲಿ ನಮ್ಮ ಬೆಡ್‌ರೂಮ್ ಗೋಡೆಗೆ ಲೀಕೇಜ್. ಮೇಲಿನ ಮನೆಯವರು ನಮ್ಮದಲ್ಲ ಅಂತಾರೆ. ನಿಮ್ಮ ಕ್ಯಾಮೆರಾದಲ್ಲಿ ನೀರು ಕಾಣುತ್ತಾ?

ಚಾಕಣ್ ಮೇಂಟೆನೆನ್ಸ್

ನೀರು ಕಾಣಲ್ಲ ತಾಯಿ. ಒದ್ದೆ ಜಾಗ ಆರುವಾಗ ತಣ್ಣಗಾಗುತ್ತೆ, ಆ ತಂಪು ಕಾಣುತ್ತೆ. ಎಸಿಯ ಗಾಳಿ ಬಡಿಯುವ ಗೋಡೆಯೂ ಹಾಗೇ ಕಾಣುತ್ತೆ. ಅದಕ್ಕೇ ಬರೀ ಚಿತ್ರ ನೋಡಿ ಮೇಲಿನವರ ಜೊತೆ ಜಗಳಕ್ಕೆ ಹೋಗಬೇಡಿ. ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದ ಮೇಲೆಯೇ ಮಾತಾಡಿ.

ಪಿಂಪ್ರಿ ಗೆಳೆಯ

ನನಗೆ ಈ ಚರ್ಚೆಯೇ ಬೇಸರ ತರುತ್ತೆ. ಅಲ್ಲಿ ಪೈಲಟ್ ಜೀವ ಪಣಕ್ಕಿಟ್ಟು ಹಾರುತ್ತಾನೆ. ಇಲ್ಲಿ ನಾವು ಸೋಫಾ ಮೇಲೆ ಕೂತು ಗಾಜು, ತಾಮ್ರ ಅಂತ ಲೆಕ್ಕ ಹಾಕ್ತೀವಿ. ನಮ್ಮ ವಾಯುಪಡೆ ಹತ್ತಿರ 22 ಅಪಾಚೆ ದಾಳಿ ಹೆಲಿಕಾಪ್ಟರ್ ಇವೆ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಪ್ರಚಂಡ್ ಹೆಲಿಕಾಪ್ಟರ್ 2022ರ ಅಕ್ಟೋಬರ್‌ನಲ್ಲಿ ಜೋಧಪುರದಲ್ಲಿ ಸೇರ್ಪಡೆ ಆಯ್ತು. ಅಂಥ ಯಂತ್ರ ನಡೆಸುವವರಿಗೆ ಎದುರಿಗಿರೋದು ಯಾರು ಅಂತ ಗೊತ್ತಿರಲ್ವಾ? ನಂಬಿಕೆ ಇಡೋದು ಕಲಿಯಿರಿ.

ಕಲ್ಯಾಣದ ಗುಬ್ಬಿಯವ

ಪ್ರಚಂಡ್ ಹೆಸರು ಬಂತಲ್ಲ, ಒಂದು ಮಾತು. ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ, 615 ಎಕರೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಊರಿಗೆ ಹೋದಾಗ ಹೆಮ್ಮೆ ಆಗುತ್ತೆ.

ಧಾನೋರಿ ಮಾಜಿ ಏರ್‌ಮನ್

ಪಿಂಪ್ರಿ ಗೆಳೆಯರೇ, ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ. ಇಪ್ಪತ್ತು ವರ್ಷ ಹೆಲಿಕಾಪ್ಟರ್‌ಗಳ ಎಂಜಿನ್ ನೋಡಿಕೊಂಡವನು ನಾನು. ಹತ್ತುವ ಹುಡುಗರ ಬೆನ್ನು ತಟ್ಟಿ ಕಳಿಸಿದ್ದೇನೆ. ಆದರೆ "ಅವರಿಗೆ ಗೊತ್ತಿರಲ್ವಾ" ಅನ್ನೋ ಮಾತು ಬೇಡ. ತರಬೇತಿ ಇದ್ದವರ ಕಣ್ಣೂ ಮೋಸ ಹೋಗುತ್ತೆ. ಸೇನೆಗಳಲ್ಲಿ ಅದನ್ನು ಮುಚ್ಚಿಡಲ್ಲ, ಪಾಠವಾಗಿ ಹೇಳಿಕೊಡುತ್ತಾರೆ.

1994ರ ಏಪ್ರಿಲ್ 14. ಉತ್ತರ ಇರಾಕ್. ಅಮೆರಿಕದ ಎರಡು ಎಫ್-15 ವಿಮಾನಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದು ಉರುಳಿಸಿದವು. ಹಗಲು ಹೊತ್ತು. ಹತ್ತಿರ ಹಾರಿ, ಕಣ್ಣಾರೆ ನೋಡಿ, ಇರಾಕಿನ ಮಿ-24 ಹೆಲಿಕಾಪ್ಟರ್ ಅಂದುಕೊಂಡರು. ಪಕ್ಕದಲ್ಲಿ ಸಿಕ್ಕಿಸಿದ ಹೆಚ್ಚುವರಿ ಇಂಧನದ ಟ್ಯಾಂಕುಗಳಿಂದ ಆಕಾರ ಬೇರೆ ತರಹ ಕಂಡಿತ್ತು. 26 ಜನ ಹೋದರು.

ನಮ್ಮಲ್ಲೂ ಆಗಿದೆ. 2019ರ ಫೆಬ್ರವರಿ 27, ಕಾಶ್ಮೀರದ ಬಡ್ಗಾಮ್. ಹೊಲದಲ್ಲಿ ಉರಿಯುತ್ತಿದ್ದ ಅವಶೇಷದ ವಿಡಿಯೊ ಊರಿನವರು ತೆಗೆದದ್ದು ದೇಶವೆಲ್ಲ ಓಡಾಡಿತು. ಮೊದಲು ಯುದ್ಧವಿಮಾನ ಅಂತ ಸುದ್ದಿ. ಅದು ಮಿ-17 ವಿ5 ಹೆಲಿಕಾಪ್ಟರ್. ವಾಯುಪಡೆಯ ಆರು ಜನ, ನೆಲದ ಮೇಲೆ ಒಬ್ಬ ನಾಗರಿಕ ತೀರಿಕೊಂಡರು. ಆ ವರ್ಷದ ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅವರೇ ಹೇಳಿದರು, ತಾಗಿದ್ದು ನಮ್ಮದೇ ಕ್ಷಿಪಣಿ, ಅದು ದೊಡ್ಡ ತಪ್ಪು ಅಂತ. ಆ ವಿಡಿಯೊ ಎಷ್ಟು ಸಲ ನೋಡಿದರೂ ಇದು ಗೊತ್ತಾಗುತ್ತಿರಲಿಲ್ಲ. ಹೊಗೆ ಕಾಣುತ್ತೆ. ಕಾರಣ ಕಾಣಲ್ಲ.

ಪಿಂಪ್ರಿ ಗೆಳೆಯ

ಬಡ್ಗಾಮ್ ನೆನಪಿದೆ ಸರ್. ಅದನ್ನು ಮುಖ್ಯಸ್ಥರೇ ಒಪ್ಪಿಕೊಂಡರು ಅನ್ನೋದು ನನಗೆ ಗೌರವದ ವಿಷಯ. ಆದರೂ ಪ್ರತಿ ವಿಡಿಯೊಗೂ ಅನುಮಾನ ಪಟ್ಟರೆ ಸೈನಿಕರ ಮನಸ್ಸು ಏನಾಗಬೇಕು?

ಧಾನೋರಿ ಮಾಜಿ ಏರ್‌ಮನ್

ಎಲ್ಲಿಯದೋ ತುಣುಕಿಗೆ ನಮ್ಮ ಹುಡುಗರ ಹೆಸರು ಅಂಟಿಸಿದಾಗ ನನ್ನ ಮನಸ್ಸು ಜಾಸ್ತಿ ನೋಯುತ್ತೆ.

ಇನ್ನು ಒಂದೆರಡು ವಿಷಯ ಸೇರಿಸುತ್ತೇನೆ, ಜನ ಪದೇ ಪದೇ ತಪ್ಪು ತಿಳಿಯೋದು. ಹೆಲಿಕಾಪ್ಟರ್ ಪಕ್ಕದಿಂದ ಬೆಂಕಿಯ ಉಂಡೆಗಳು ಸಾಲಾಗಿ ಉದುರಿದರೆ ಅದು ಏಟು ತಿಂದಿದೆ ಅಂತಲ್ಲ, ಬಾಂಬು ಹಾಕುತ್ತಿದೆ ಅಂತಲೂ ಅಲ್ಲ. ಅವು ಫ್ಲೇರ್. ಬಿಸಿಯನ್ನು ಹುಡುಕಿ ಬರುವ ಕ್ಷಿಪಣಿಯ ದಾರಿ ತಪ್ಪಿಸೋಕೆ. ಉಕ್ರೇನ್‌ನ ವಿಡಿಯೊಗಳಲ್ಲಿ ಹೆಲಿಕಾಪ್ಟರ್ ಮೂತಿ ಮೇಲೆತ್ತಿ ಆಕಾಶಕ್ಕೆ ರಾಕೆಟ್ ಬಿಟ್ಟು ತಕ್ಷಣ ತಿರುಗಿಬಿಡುತ್ತೆ. ಗುರಿ ಗೊತ್ತಿಲ್ಲದೆ ಹೊಡೆಯುತ್ತಾರೆ ಅಂತ ಕೆಳಗೆ ಕಾಮೆಂಟು. ಅದು ಬೇಕಂತಲೇ ಮಾಡೋದು. ಹತ್ತಿರ ಹೋದರೆ ಕ್ಷಿಪಣಿಗೆ ಸಿಗುತ್ತಾರೆ, ಅದಕ್ಕೆ ದೂರದಿಂದ ಕಲ್ಲು ಎಸೆದ ಹಾಗೆ ಕಮಾನಿನಲ್ಲಿ ಕಳಿಸುತ್ತಾರೆ. ನಿಖರತೆ ಕಡಿಮೆ ಆಗುತ್ತೆ, ಹೆಲಿಕಾಪ್ಟರ್ ಉಳಿಯುತ್ತೆ.

ಡೊಂಬಿವಲಿ ಟೀಚರ್

ಚಾಕಣ್‌ನವರೇ, ನೋಡಿದೆ. ಹದಿನಾಲ್ಕನೇ ಸೆಕೆಂಡಿನಲ್ಲಿ ನಿಲ್ಲಿಸಿದೆ. ಮುಂದಿನ ಗಾಜಿನ ಹಿಂದೆ ತಲೆ, ಭುಜ, ಸ್ಟೀರಿಂಗ್ ಹಿಡಿದ ಕೈ ಎಲ್ಲ ಬೆಳ್ಳಗೆ ಸ್ಪಷ್ಟವಾಗಿ ಕಾಣುತ್ತೆ. ಯಾಕೆ?

ಚಾಕಣ್ ಮೇಂಟೆನೆನ್ಸ್

ಥರ್ಮಲ್ ಕ್ಯಾಮೆರಾಗೆ ಗಾಜು ಅಂದ್ರೆ ಗೋಡೆ. ನಮ್ಮ ಕಣ್ಣಿಗೆ ಪಾರದರ್ಶಕ, ಅದಕ್ಕಲ್ಲ. ನಾನು ಕಂಟ್ರೋಲ್ ರೂಮಿನ ಗಾಜಿನ ಎದುರು ನಿಂತು ಕ್ಯಾಮೆರಾ ಹಿಡಿದರೆ ಒಳಗೆ ಕೂತ ಆಪರೇಟರ್ ಕಾಣಲ್ಲ. ನನ್ನದೇ ದೇಹದ ಬಿಸಿ ಗಾಜಿನಲ್ಲಿ ಪ್ರತಿಬಿಂಬವಾಗಿ ಕಾಣುತ್ತೆ. ನನ್ನ ಕ್ಯಾಮೆರಾದ ಲೆನ್ಸು ಕೂಡ ಗಾಜಿನದಲ್ಲ, ಜರ್ಮೇನಿಯಂನದು.

ಹಾಗಾಗಿ ಗಾಜು ಏರಿಸಿದ ಕಾರಿನೊಳಗೆ ಸ್ಟೀರಿಂಗ್ ಹಿಡಿದ ಕೈ ಅಷ್ಟು ಸ್ಪಷ್ಟವಾಗಿ ಹೊಳೆಯುತ್ತಿದ್ದರೆ ನನಗೆ ನಂಬಿಕೆ ಬರಲ್ಲ. ಸದ್ದು ಹೇಗಿದೆ?

ಡೊಂಬಿವಲಿ ಟೀಚರ್

ಗುಂಡು ನೆಲಕ್ಕೆ ತಾಗಿ ಧೂಳು ಏಳುವಾಗಲೇ ಧಡಾರ್ ಅಂತ ಸಿಡಿಯುವ ಸದ್ದು. ಕಿರುಚಾಟವೂ ಕೇಳುತ್ತೆ.

ಧಾನೋರಿ ಮಾಜಿ ಏರ್‌ಮನ್

ಅಲ್ಲಿಗೆ ಮುಗಿಯಿತು. ಒಂದು ಕಿಲೋಮೀಟರ್ ದೂರದ ಕಿರುಚಾಟ ಹೆಲಿಕಾಪ್ಟರ್ ಒಳಗೆ ಕೇಳಲ್ಲ. ಎಂಜಿನ್ ಅಬ್ಬರದಲ್ಲಿ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಲ್ಲ. ನಿಜವಾದ ಗನ್ ಕ್ಯಾಮೆರಾದ ವಿಡಿಯೊದಲ್ಲಿ ಇರೋದು ರೇಡಿಯೊ ಮಾತು, ಇಂಟರ್‌ಕಾಮ್ ಮಾತು, ಹಿಂದೆ ಗಡಗಡ ನಡುಕ. ಅಪಾಚೆಯದು 30 ಮಿ.ಮೀ. ಗನ್ನು. ಗುಂಡು ಹೊರಡುವಾಗ ಸೆಕೆಂಡಿಗೆ ಸುಮಾರು 800 ಮೀಟರ್ ವೇಗ. ಒಂದು ಕಿಲೋಮೀಟರ್ ಆಚೆ ತಲುಪೋಕೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಗಡಗಡ ಮೊದಲು ಕೇಳಬೇಕು, ಧೂಳು ಆಮೇಲೆ ಏಳಬೇಕು.

ವಾಸ್ಕೋ ಹುಡುಗ

ನೆಲದ ಮೇಲೆ ನಿಂತವರು ಮೊಬೈಲ್‌ನಲ್ಲಿ ತೆಗೆದಿದ್ದರೆ ಲೆಕ್ಕ ಬೇರೆ ಅಲ್ವಾ? ಮಿಂಚು, ಗುಡುಗಿನ ಹಾಗೆ. ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ತಡವಾಗಿ ಸದ್ದು ಬರಬೇಕು.

ನಮ್ಮ ಮನೆ ದಾಬೋಳಿಂ ಕಡೆ. ಐಎನ್‌ಎಸ್ ಹಂಸಾದಿಂದ ನೌಕಾಪಡೆಯ ಹೆಲಿಕಾಪ್ಟರ್ ದಿನಾ ತಲೆ ಮೇಲೆ ಹೋಗುತ್ತೆ. ಚಿಕ್ಕವನಿದ್ದಾಗ ಮೊಬೈಲ್‌ನಲ್ಲಿ ತೆಗೆದಿದ್ದೆ. ರೆಕ್ಕೆ ತಿರುಗುವುದೇ ಇಲ್ಲ, ನಿಂತ ಹಾಗೆ ತೇಲುತ್ತೆ! ಸ್ಕೂಲಿನಲ್ಲಿ ಎಲ್ಲರೂ ಎಡಿಟಿಂಗ್ ಅಂದರು. ನಾನು ಅತ್ತಿದ್ದೆ.

ಮಡಗಾಂವ್ ಕ್ಯಾಮೆರಾ

ಅದು ಎಡಿಟಿಂಗ್ ಅಲ್ಲ ತಮ್ಮ. ಕ್ಯಾಮೆರಾ ಒಂದು ಫ್ರೇಮ್ ತೆಗೆದು ಇನ್ನೊಂದು ತೆಗೆಯುವಷ್ಟರಲ್ಲಿ ಒಂದು ರೆಕ್ಕೆಯ ಜಾಗಕ್ಕೆ ಸರಿಯಾಗಿ ಇನ್ನೊಂದು ರೆಕ್ಕೆ ಬಂದು ನಿಂತರೆ ತಿರುಗದ ಹಾಗೆ ಕಾಣುತ್ತೆ. ತಿರುಗುವ ಫ್ಯಾನಿನ ವಿಡಿಯೊ ತೆಗೆದು ನೋಡಿ, ಒಮ್ಮೊಮ್ಮೆ ಹಿಂದಕ್ಕೆ ತಿರುಗುತ್ತೆ. ರೆಕ್ಕೆ ಬಾಳೆಹಣ್ಣಿನ ಹಾಗೆ ಬಾಗಿ ಕಾಣೋದೂ ಮೊಬೈಲ್ ಕ್ಯಾಮೆರಾದ ಗುಣ. ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ, ಅಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತೆ. ವಿಚಿತ್ರವಾಗಿ ಕಂಡಿದ್ದೆಲ್ಲ ಸುಳ್ಳಲ್ಲ.

ಮೀರಾ ರೋಡ್ ಶೆಟ್ರು

ಸರಿ, ಅಂತೂ ಟೀಚರ್ ವಿಡಿಯೊ ಸುಳ್ಳು ಅಂತ ಆಯ್ತಲ್ಲ. ಗ್ರೂಪಿಗೆ ಹಾಕಿಬಿಡಿ, ಜಗಳ ಮುಗಿಯಲಿ.

ಮಾಟುಂಗಾ ಓದುಗ

ಶೆಟ್ರೇ, ಹುಡುಗ ಕೇಳಿದ ಪ್ರಶ್ನೆ ಅದಲ್ಲ. ಅವನು ಅಸಲಿಯಾ ನಕಲಿಯಾ ಅಂತ ಕೇಳಲಿಲ್ಲ. ಅವರು ಯಾರು ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದ. ನೂರಕ್ಕೆ ನೂರು ಅಸಲಿ ವಿಡಿಯೊ ಇದ್ದರೂ ಆ ಪ್ರಶ್ನೆ ಹಾಗೇ ಉಳಿಯುತ್ತೆ.

2007ರ ಜುಲೈ 12, ಇರಾಕಿನ ಬಾಗ್ದಾದ್. ಅಮೆರಿಕ ಸೇನೆಯ ಎರಡು ಅಪಾಚೆಗಳು ಮೇಲೆ ಸುತ್ತುತ್ತಿದ್ದವು. ಕೆಳಗೆ ಬೀದಿಯಲ್ಲಿ ಒಂದಷ್ಟು ಗಂಡಸರು. ಅವರ ಜೊತೆ ರಾಯ್ಟರ್ಸ್ ಸುದ್ದಿಸಂಸ್ಥೆಯ ಇಬ್ಬರು. ಫೋಟೊಗ್ರಾಫರ್ ನಮೀರ್ ನೂರ್-ಎಲ್ದೀನ್, 22 ವರ್ಷ. ಡ್ರೈವರ್ ಸಯೀದ್ ಚ್ಮಾಗ್, 40 ವರ್ಷ. ನಮೀರ್ ಗೋಡೆಯ ಮೂಲೆಯಿಂದ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಇಣುಕುತ್ತಾನೆ. ಮೇಲಿದ್ದವರಿಗೆ ಅದು ರಾಕೆಟ್ ಹಾರಿಸುವ ಆರ್‌ಪಿಜಿ ಹಾಗೆ ಕಂಡಿತು. ಅನುಮತಿ ಕೇಳಿದರು, ಸಿಕ್ಕಿತು, ಹೊಡೆದರು. ಗಾಯಗೊಂಡು ತೆವಳುತ್ತಿದ್ದ ಸಯೀದ್‌ನನ್ನು ಎತ್ತಿಕೊಳ್ಳಲು ಒಂದು ವ್ಯಾನ್ ಬಂತು. ಅದಕ್ಕೂ ಹೊಡೆದರು. ಒಳಗೆ ಇಬ್ಬರು ಮಕ್ಕಳಿದ್ದರು. ಮಕ್ಕಳು ಗಾಯಗೊಂಡು ಬದುಕಿದರು. ಅಪ್ಪ ಹೋದ.

ಹೆಲಿಕಾಪ್ಟರ್‌ನ ಕ್ಯಾಮೆರಾದಲ್ಲಿ ದಾಖಲಾದ ವಿಡಿಯೊವನ್ನು ರಾಯ್ಟರ್ಸ್ ಕೇಳಿತು, ಸೇನೆ ಕೊಡಲಿಲ್ಲ. 2010ರ ಏಪ್ರಿಲ್ 5ರಂದು, ಗುಟ್ಟಿನ ದಾಖಲೆ ಬಯಲು ಮಾಡುವ ವಿಕಿಲೀಕ್ಸ್ ಸಂಸ್ಥೆ ಅದನ್ನು ಹೊರಗೆ ಬಿಟ್ಟಿತು. ಒಂದು ಸುಮಾರು 39 ನಿಮಿಷದ್ದು, ಇನ್ನೊಂದು ಸುಮಾರು 17 ನಿಮಿಷದ್ದು. ಚಿಕ್ಕದರಲ್ಲಿ ಬಾಣದ ಗುರುತು ಹಾಕಿ ಕ್ಯಾಮೆರಾ ಹಿಡಿದವರನ್ನು ತೋರಿಸಿದ್ದರು. ಗುಂಪಿನಲ್ಲಿ ಕೆಲವರ ಹತ್ತಿರ ಆಯುಧವೂ ಇತ್ತು ಅಂತ ಸೇನೆಯ ತನಿಖೆ ಹೇಳಿತ್ತು. ಅವರಿಗೆ ಬಾಣದ ಗುರುತು ಇರಲಿಲ್ಲ. ಇದರ ಬಗ್ಗೆಯೂ ದೊಡ್ಡ ಟೀಕೆ ಬಂತು.

ನಾನು ಎರಡನ್ನೂ ನೋಡಿದ್ದೇನೆ. ಬಾಣ ಇದ್ದಾಗ "ಅಯ್ಯೋ, ಕ್ಯಾಮೆರಾ ಅಂತ ಕಾಣಲ್ವಾ ಇವರಿಗೆ" ಅನಿಸಿತು. ಬಾಣ ಇಲ್ಲದ್ದನ್ನು ನೋಡಿದಾಗ ನಾನು ಮೂರು ಸಲ ಹಿಂದೆ ಹೋಗಿ ಹುಡುಕಬೇಕಾಯ್ತು. ಇದರಿಂದ ಹೊಡೆದವರದು ಸರಿ ಅಂತ ಆಗಲ್ಲ. ವ್ಯಾನಿಗೆ ಹೊಡೆದದ್ದನ್ನು ನಾನು ಈಗಲೂ ಒಪ್ಪಲ್ಲ. ಗಾಯಾಳುವನ್ನು ಎತ್ತುತ್ತಿದ್ದಾರೆ ಅನ್ನೋದು ಆ ಮಸುಕಿನಲ್ಲೂ ಕಾಣುತ್ತೆ. ಆದರೆ ಅವರಿಗೆ ಹಿಂದಕ್ಕೆ ಓಡಿಸಿ ನೋಡುವ ಅವಕಾಶ ಇರಲಿಲ್ಲ, ನನಗಿತ್ತು.

ಮಡಗಾಂವ್ ಕ್ಯಾಮೆರಾ

ಇದನ್ನು ಓದಿ ಕೈ ತಣ್ಣಗಾಯ್ತು. ನಾನು ಮದುವೆ ಫೋಟೊಗ್ರಾಫರ್. ಎರಡು ವರ್ಷದ ಹಿಂದೆ ವಾಸ್ಕೋ ಕಡೆಯ ಒಂದು ಬೀಚಿನಲ್ಲಿ ಸಂಜೆ ಜೋಡಿಯ ಶೂಟಿಂಗ್ ಇತ್ತು. ನನ್ನ ಉದ್ದನೆಯ 150-600 ಲೆನ್ಸು ಟ್ರೈಪಾಡ್ ಸಮೇತ ಹೆಗಲ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದೆ. ಸೂರ್ಯ ನನ್ನ ಬೆನ್ನ ಹಿಂದೆ. ದೂರದಿಂದ ಒಬ್ಬ ಗಾರ್ಡ್ ಕೂಗುತ್ತಾ ಓಡಿ ಬಂದ. ಕೆಳಗಿಡು, ಕೈ ಮೇಲೆತ್ತು ಅಂದ. ಹತ್ತಿರ ಬಂದ ಮೇಲೆ ಕ್ಯಾಮೆರಾ ನೋಡಿ ಅವನಿಗೇ ನಡುಕ. "ಎದುರು ಬಿಸಿಲಿಗೆ ಬರೀ ಆಕಾರ ಕಂಡಿತು ಅಣ್ಣ" ಅಂದ. ಇಬ್ಬರೂ ಮರಳಿನ ಮೇಲೆ ಕೂತು ನೀರು ಕುಡಿದೆವು. ಅವನು ಓಡಿ ಹತ್ತಿರ ಬಂದದ್ದಕ್ಕೆ ನಾನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ ಅಂತ ಎಷ್ಟೋ ಸಲ ಅನಿಸಿದೆ. ಹೆಲಿಕಾಪ್ಟರ್‌ನಲ್ಲಿ ಇದ್ದವರು ಹಾಗೆ ಹತ್ತಿರ ಬರೋಕಾಗಲ್ಲ.

ಪಿಂಪ್ರಿ ಗೆಳೆಯ

ನಮೀರ್ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಅದು ಬೇರೆ ದೇಶ, ಬೇರೆ ಯುದ್ಧ. ಜನ ನೋಡಲಿ ಅಂತ ಎಲ್ಲವನ್ನೂ ತೋರಿಸೋದು ಒಳ್ಳೆಯದು ಅಂತಲೂ ನಾನು ಒಪ್ಪಲ್ಲ.

ಕೊಲಾಬಾದ ಹಳಬ

ಪಿಂಪ್ರಿಯವರ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇದೆ, ನಾನು ಕಂಡದ್ದರಿಂದ. 2008ರಲ್ಲಿ ಮುಂಬೈ ಮೇಲೆ ಉಗ್ರರ ದಾಳಿ ಆದಾಗ ಕೊಲಾಬಾ ಮಾರ್ಕೆಟ್ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿದ್ದೆ. ನವೆಂಬರ್ 28, ಶುಕ್ರವಾರ ಬೆಳಿಗ್ಗೆ. ಶಟರ್ ಅರ್ಧ ಇಳಿಸಿ ಎಲ್ಲರೂ ಒಳಗೆ ಟಿವಿ ಮುಂದೆ. ಮೊದಲು ಗೋಡೆ ನಡುಗಿತು. ಗಾಜಿನ ಬರಣಿಗಳು ಒಂದಕ್ಕೊಂದು ತಾಗಿ ಟಣಟಣ ಅಂದವು. ಕೆಲವು ಕ್ಷಣ ಆದ ಮೇಲೆ ಟಿವಿಯಲ್ಲಿ ಹೆಲಿಕಾಪ್ಟರ್ ಬಂತು. ಮಿ-17. ಎನ್‌ಎಸ್‌ಜಿ ಕಮಾಂಡೊಗಳು ಹಗ್ಗ ಹಿಡಿದು, ಉಗ್ರರು ಹೊಕ್ಕಿದ್ದ ನಾರಿಮನ್ ಹೌಸ್ ತಾರಸಿಗೆ ಇಳಿದರು. ನಾವು ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ನಾವು ನೋಡುತ್ತಿದ್ದ ಅದೇ ದೃಶ್ಯವನ್ನು ಕರಾಚಿಯಲ್ಲಿ ಕೂತವರೂ ನೋಡುತ್ತಿದ್ದರು. ಫೋನಿನಲ್ಲಿ ಒಳಗಿದ್ದ ಉಗ್ರರಿಗೆ ಹೇಳುತ್ತಿದ್ದರು. 2012ರಲ್ಲಿ ಕಸಬ್ ಕೇಸಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಆ ಕಟ್ಟಡದ ಕಾರ್ಯಾಚರಣೆಯಲ್ಲಿ ಕಮಾಂಡೊ ಗಜೇಂದ್ರ ಸಿಂಗ್ ಬಿಷ್ಟ್ ತೀರಿಕೊಂಡರು. ಆ ಬರಣಿಗಳ ಸದ್ದು ಈಗಲೂ ನನಗೆ ಕೇಳುತ್ತೆ. ಅವತ್ತಿನಿಂದ ಹೆಲಿಕಾಪ್ಟರ್ ವಿಡಿಯೊ ಬಂದರೆ, ಇದನ್ನು ಇನ್ನು ಯಾರು ನೋಡುತ್ತಿದ್ದಾರೆ ಅನ್ನೋದು ಮೊದಲು ತಲೆಗೆ ಬರುತ್ತೆ.

ಧಾನೋರಿ ಮಾಜಿ ಏರ್‌ಮನ್

ಇದಕ್ಕೇ ಈಗ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಬೇಡ ಅಂತ ನಿಯಮ ಇದೆ. 2025ರ ಏಪ್ರಿಲ್‌ನಲ್ಲೂ ಸರ್ಕಾರ ಚಾನೆಲ್‌ಗಳಿಗೆ ಮತ್ತೆ ನೆನಪಿಸಿತು. ಪುಣೆಯ ಲೋಹೆಗಾಂವ್ ವಾಯುನೆಲೆ ಸುತ್ತಮುತ್ತ ಇರುವವರು ತಾರಸಿಯಿಂದ ವಿಮಾನ, ಹೆಲಿಕಾಪ್ಟರ್‌ಗಳ ವಿಡಿಯೊ ಮಾಡಿ ಗ್ರೂಪಿಗೆ ಹಾಕಬೇಡಿ. ಕೈ ಮುಗಿದು ಕೇಳುತ್ತೇನೆ.

ಮಾಟುಂಗಾ ಓದುಗ

ಕೊಲಾಬಾದವರೇ, ಆಗುತ್ತಿರುವಾಗ ತೋರಿಸಬಾರದು, ಒಪ್ಪಿದೆ. ಆದ ಮೇಲೆ ಮುಚ್ಚಿಡಬಾರದು. ನಮೀರ್, ಸಯೀದ್ ಮನೆಯವರು ಸುಮಾರು ಮೂರು ವರ್ಷ ಕಾದರು.

ಕೊಲಾಬಾದ ಹಳಬ

ಅದು ನ್ಯಾಯವಾದ ಮಾತು.

ಡೊಂಬಿವಲಿ ಟೀಚರ್

ಎಲ್ಲವನ್ನೂ ಓದಿದೆ. ಸಂಜೆ ಎರಡೂ ಮನೆಗೆ ಹೋಗಿ ಬಂದೆ. ಬಾವುಟ ಹಾಕಿದ್ದ ಕಾಕಾಗೆ ಕಾರಿನ ಗಾಜು ತೋರಿಸಿದೆ. ಕನ್ನಡಕ ಹಾಕಿಕೊಂಡು ನಾಲ್ಕು ಸಲ ನೋಡಿದರು. "ಇವನ ಕೈ ಯಾಕೆ ಕಾಣುತ್ತೆ ಹಾಗಾದ್ರೆ?" ಅಂತ ತಾವೇ ಕೇಳಿದರು. ಆಮೇಲೆ ತಾವು ಹಾಕಿದ್ದನ್ನು ಗ್ರೂಪಿನಿಂದ ಅಳಿಸಿದರು. ಅವರು ಮೂರನೇ ಮಹಡಿಗೆ ಇನ್ನೂ ಹೋಗಿಲ್ಲ, ಆದರೆ ತಮ್ಮ ಮಗಳ ಕೈಯಲ್ಲಿ ಅಲ್ಲಿಗೆ ಚಕ್ಕುಲಿ ಡಬ್ಬಿ ಕಳಿಸಿದ್ದಾರೆ.

ಮಗನಿಗೆ ಬಾಗ್ದಾದಿನ ವಿಡಿಯೊ ತೋರಿಸಬೇಕಾ? ಅವನ ಪ್ರಶ್ನೆಗೆ ಅದೇ ಉತ್ತರ ಅನಿಸುತ್ತೆ.

ಪಿಂಪ್ರಿ ಗೆಳೆಯ

ಬೇಡ ಟೀಚರ್. ಹದಿಮೂರು ವರ್ಷದ ಮಗು.

ಮಾಟುಂಗಾ ಓದುಗ

ಈ ಒಂದು ವಿಷಯದಲ್ಲಿ ನಾನು ಪಿಂಪ್ರಿಯವರ ಕಡೆ. ವಿಡಿಯೊ ಬೇಡ, ಬಾಯಲ್ಲಿ ಹೇಳಿ. ನಮೀರ್ ಹೆಸರು ಹೇಳಿ, ವಯಸ್ಸು ಹೇಳಿ.

ಮಡಗಾಂವ್ ಕ್ಯಾಮೆರಾ

ನನ್ನ ಲೆನ್ಸು ಹೆಗಲ ಮೇಲಿಟ್ಟು, ಬಿಸಿಲಿಗೆ ಬೆನ್ನು ಮಾಡಿ ನಿಂತ ಫೋಟೊ ತೆಗೆಸಿ ಕಳಿಸುತ್ತೇನೆ. ಏನು ಹಿಡಿದಿದ್ದೇನೆ ಅಂತ ಮೊದಲು ಅವನನ್ನೇ ಕೇಳಿ.

ಡೊಂಬಿವಲಿ ಟೀಚರ್

ಕಳಿಸಿ ಅಣ್ಣ. ಊಟ ಆದ ಮೇಲೆ ಅವನ ಪಕ್ಕ ಕೂರುತ್ತೇನೆ.